ಯಾರ ದೀಕ್ಷೆ ಅಂತ ಕೇಳಲಿಲ್ಲ

ನನಗೆ ಸಂಬಳವಿಲ್ಲದ ಒಂದು ಕೆಲಸ ಚಿಕ್ಕಂದಿನಿಂದಲೂ ಅಂಟಿಕೊಂಡಿದೆ. ಕ್ರೈಸ್ತರ ಪರವಾಗಿ ಉತ್ತರ ಕೊಡುವ ಕೆಲಸ. ಬೆಟಗೇರಿಯ ಶಾಲೆಯಲ್ಲಿ ಯಾರಾದರೂ "ನೀವು ಹಣಿಗೆ ಯಾಕ ಏನೂ ಹಚ್ಚಂಗಿಲ್ಲ?" ಎಂದು ಕೇಳಿದರೆ, ಲೋಕದ ಎಲ್ಲ ಚರ್ಚುಗಳ ಪರವಾಗಿ ಎರಡು ಜಡೆಯ ನಾನು ಎದ್ದು ನಿಲ್ಲಬೇಕಾಗಿತ್ತು. ಈಗ ನೆದರ್ಲೆಂಡ್ಸಿನ ವಾಗೆನಿಂಗನ್‌ನಲ್ಲಿದ್ದೇನೆ. ಕೂದಲು ಅರ್ಧ ನೆರೆತಿದೆ, ಆ ಕೆಲಸ ಮಾತ್ರ ಬೆನ್ನು ಬಿಟ್ಟಿಲ್ಲ. ಕನ್ನಡದವರ ರಾಜ್ಯೋತ್ಸವಕ್ಕೆ ಹೋದರೆ "ಮೇಡಂ, ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಾ, ನೀವು ಮನೇಲಿ ಇಂಗ್ಲಿಷ್ ಅಲ್ವಾ?" ಎನ್ನುತ್ತಾರೆ. ಡಿಸೆಂಬರ್ ಬಂದರೆ ಕೇಕ್ ಎಲ್ಲಿ ಎಂದು ಕೇಳುತ್ತಾರೆ. ಊರ ಕಡೆ ಎಲ್ಲಾದರೂ ಮತಾಂತರದ ಗಲಾಟೆಯಾದರೆ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಅದರ ವಿಡಿಯೊ ಓಡಾಡುತ್ತದೆ, ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ನನಗೆ ಬೇರೆಯಾಗಿ "ನಿಮಗೆ ಹೇಳಿದ್ದಲ್ಲ ಮೇಡಂ" ಎಂದು ಬರೆಯುತ್ತಾರೆ.

ಇತ್ತ ನಾನು ಕೆಲಸ ಮಾಡುವ ಬೀಜದ ಲ್ಯಾಬಿನಲ್ಲಿ ಇನ್ನೊಂದು ರಗಳೆ. ಡಚ್ ಸಹೋದ್ಯೋಗಿಗಳು ಮಧ್ಯಾಹ್ನ ಬ್ರೆಡ್ಡಿನ ಮೇಲೆ ಚೀಸ್ ಇಟ್ಟುಕೊಂಡು ತಿನ್ನುತ್ತಾ, ನಾನು ಭಾನುವಾರ ಚರ್ಚಿಗೆ ಹೋಗುತ್ತೇನೆಂದು ಕೇಳಿದಾಗ, ಅವರ ಅಜ್ಜಿಯ ಕಾಲದ ಕಾಯಿಲೆ ನನಗಿನ್ನೂ ವಾಸಿಯಾಗಿಲ್ಲ ಎನ್ನುವ ಹಾಗೆ ನೋಡುತ್ತಾರೆ. "ಭಾರತದಿಂದ ಬಂದು ಕ್ರೈಸ್ತಳೇ?" ಎಂದು ಕೇಳುತ್ತಾರೆ. ಯೋಗ ಕಲಿಸುತ್ತೇನೆ ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೇನೋ. ಅವರಿಗೂ ನಾನು ಉತ್ತರ ಕೊಡಬೇಕು, ಅದೂ ಡಚ್ಚಿನಲ್ಲಿ, ಮುಖ ಸಿಂಡರಿಸದೆ. ನಿಜ ಹೇಳಬೇಕು, ಯಾರಿಗೂ ನೋವಾಗಬಾರದು. ಎರಡನ್ನೂ ಒಟ್ಟಿಗೆ ಮಾಡಿ ಮಾಡಿ ನನಗೆ ಸಾಕಾಗಿ ಹೋಗಿದೆ.

ಆ ಹುಡುಗಿ ನಮ್ಮ ಚರ್ಚಿಗೆ ಬಂದದ್ದು ಅಂಥ ಸುಸ್ತಿನ ದಿನಗಳಲ್ಲೇ. ಹೊರದೇಶದ ವಿದ್ಯಾರ್ಥಿಗಳಿಗೆ ನಮ್ಮ ಚರ್ಚಿನ ಹಿಂದಿನ ಹಾಲಿನಲ್ಲಿ ಬುಧವಾರ ಸಂಜೆ ಸೂಪು ಬಡಿಸುತ್ತೇವೆ. ಬಡಿಸುವ ಹೊಣೆ ನನ್ನದು. ಎಲ್ಲರೂ ಕುಂಬಳಕಾಯಿ ಸೂಪು ಮಾಡಿದರೆ ನಾನು ಬೇಳೆಸಾರು ಮಾಡಿ ಸೂಪು ಎಂದು ಹೇಳಿ ಇಡುತ್ತೇನೆ. ಅವಳು ಒಂದು ಚಮಚ ಬಾಯಿಗಿಟ್ಟು ನನ್ನ ಮುಖ ನೋಡಿದಳು. "ಅಕ್ಕಾ, ಇದಕ್ಕ ಬೆಳ್ಳೊಳ್ಳಿ ಒಗ್ಗರಣಿ ಕೊಟ್ಟೀರಿ. ನೀವ ನಮ್ಮ ಕಡೆಯವರು" ಅಂದಳು. ಗದಗ ಜಿಲ್ಲೆಯ ಲಿಂಗಾಯತರ ಹುಡುಗಿ. ಮಣ್ಣಿನ ವಿಷಯದಲ್ಲಿ ಎಂ.ಎಸ್‌ಸಿ. ಮಾಡಲು ಬಂದವಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಊರಲ್ಲಿ ಅವ್ವ ಒಬ್ಬಳೇ. ಬೆಟಗೇರಿ ಅಂದ ಕೂಡಲೇ ಅವಳಿಗೆ ನಾನು ಅಕ್ಕನಾದೆ.

ಬುಧವಾರದ ಸಾರಿಗೆ ಬಂದವಳು ಭಾನುವಾರವೂ ಬರತೊಡಗಿದಳು. ನಾನು ಕರೆದಿರಲಿಲ್ಲ. ಕರೆಯಬಾರದೆಂದು ನನಗೆ ನಾನೇ ಹಾಕಿಕೊಂಡ ಕಟ್ಟಳೆ ಅದು, ಊರಲ್ಲಿ ಕೇಳಿದ ಮಾತುಗಳು ಕಲಿಸಿದ್ದು. ಅವಳು ಹಿಂದಿನ ಬೆಂಚಿನಲ್ಲಿ, ಕೋಟನ್ನೂ ಬಿಚ್ಚದೆ, ಅರ್ಥವಾಗದ ಡಚ್ ಉಪದೇಶ ಕೇಳುತ್ತಾ ಕೂರುತ್ತಿದ್ದಳು. ಏನು ಕಂಡೆ ಇಲ್ಲಿ ಎಂದು ಒಮ್ಮೆ ಕೇಳಿದೆ. "ಇಲ್ಲಿ ಕುಂತ್ರ ಯಾರೋ ನನ್ನ ನೋಡಾಕತ್ತಾರ, ಆದ್ರ ಏನೂ ಕೇಳಾಕತ್ತಿಲ್ಲ ಅನಿಸ್ತೈತಿ ಅಕ್ಕಾ" ಅಂದಳು. ಹುಟ್ಟಿನಿಂದ ಚರ್ಚಿನಲ್ಲಿ ಕೂತ ನನಗೆ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ, ಕೊಂಚ ಹೊಟ್ಟೆಕಿಚ್ಚೂ ಆಯಿತು.

ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಕೇಳಿದಳು, "ಅಕ್ಕಾ, ಬ್ಯಾಪ್ಟಿಸಂಗೆ ಕನ್ನಡದಾಗ ಏನಂತಾರ?"

"ದೀಕ್ಷಾಸ್ನಾನ."

"ದೀಕ್ಷಾ?" ಎಂದು ನಕ್ಕಳು. "ಅದು ನಮ್ದಲ್ಲೇನು ಅಕ್ಕಾ?"

ಹೌದು, ಅವರದೇ. ನಮ್ಮ ಹಿರಿಯರಿಗೆ ಹೊಸ ಧರ್ಮದ ಮಾತುಗಳು ಬೇಕಾದಾಗ ನೆರೆಮನೆಗೆ ಹೋಗಿ ಬಟ್ಟಲು ತಂದಂತೆ ತಂದರು. ದೀಕ್ಷೆ ತಂದರು, ಸಭೆ ತಂದರು, ಕರ್ತ, ಕೃಪೆ ಎಲ್ಲ ತಂದರು. ಅದರಲ್ಲೇ ಉಂಡು ತೊಳೆದು ಇಟ್ಟುಕೊಂಡು ಎಷ್ಟೋ ತಲೆಮಾರಾಯಿತು. ಇದನ್ನು ಅವಳಿಗೂ ಹೇಳಿದೆ. ಅವಳು "ಹಂಗಾರ ಸ್ನಾನ ತಗದಬಿಟ್ರ ನಮ್ದ ಆತು" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು ತಲೆ ತಗ್ಗಿಸಿ, ತನಗೆ ಅದು ಬೇಕು ಅಂದಳು.

ನಮ್ಮ ಚರ್ಚಿನ ಪಾಸ್ಟರ್ ಒಬ್ಬ ಡಚ್ ಹೆಂಗಸು. ಇಲ್ಲಿಯವರು ಡೋಮಿನೆ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮಳೆಯಿರಲಿ ಗಾಳಿಯಿರಲಿ ಸೈಕಲ್ಲಿನಲ್ಲೇ ಮನೆಮನೆಗೆ ಹೋಗುವವರು. ಅಂತ್ಯಕ್ರಿಯೆ ಮಾಡಿಸಿ ಮಾಡಿಸಿ ದಣಿದವರು. ಸುದ್ದಿ ಕೇಳಿ ಅವರ ಕಣ್ಣು ಒದ್ದೆಯಾಯಿತು. ದೊಡ್ಡವರೊಬ್ಬರಿಗೆ ದೀಕ್ಷಾಸ್ನಾನ ಕೊಟ್ಟು ಎಷ್ಟೋ ಕಾಲವಾಗಿತ್ತಂತೆ. ಈಸ್ಟರ್ ಭಾನುವಾರವೆಂದು ನಿಶ್ಚಯವಾಯಿತು. ಹುಡುಗಿಯ ಪಕ್ಕ ನಿಂತು ಸಾಕ್ಷಿಯಾಗಲು ನನ್ನನ್ನೇ ಕೇಳಿದರು. ನಾನು ಒಪ್ಪಿದೆ. ಆ ದಿನ ಮನೆಗೆ ಬರುವಾಗ ಹುರುಪಿನಲ್ಲಿ ಸೈಕಲ್ ತುಳಿದೆ. ಅಂಥ ಹುರುಪು ನನಗೆ ಅಪರೂಪ.

ಮರುವಾರ, ಸಂಜೆ ಕೆಲಸದಿಂದ ಬಂದು ಚಹಾಕ್ಕಿಟ್ಟಿದ್ದೆ. ಊರಿನ ನಂಬರಿನಿಂದ ಫೋನು ಬಂತು.

"ಅಕ್ಕಾರ, ನಾ ರೀ, ಅಕಿ ಅವ್ವ. ನಿಮ್ಮ ನಂಬರ ಅಕಿನ ಕೊಟ್ಟಾಳ್ರಿ."

ಗದುಗಿನ ಆ ರಾಗ ಕೇಳಿದರೇ ನನಗೆ ಅರ್ಧ ಊಟವಾದಂತೆ. ನಾನೂ ಅಕ್ಕಾರ ಅಂದೆ. ಇಬ್ಬರೂ ಒಬ್ಬರಿಗೊಬ್ಬರು ಅಕ್ಕಾರ ಅನ್ನುತ್ತಾ ಕ್ಷೇಮ ಕೇಳಿಕೊಂಡೆವು. ಅಲ್ಲಿ ಬಿಸಿಲು ಹೆಂಗೈತಿ, ಇಲ್ಲಿ ಥಂಡಿ ಹೆಂಗೈತಿ. ಆಮೇಲೆ ಅವರ ದನಿ ಭಾರವಾಯಿತು.

"ನಿಮ್ಮ ಉಪಕಾರ ಹೆಂಗ ತೀರಸ್ಲಿ ರೀ ಅಕ್ಕಾರ. ಕಾಲೇಜಿಗೆ ಹೊಂಟಾಗಿಂದ ಬಡಕೊಂಡೆ, ದೀಕ್ಷಾ ತಗೊಳವ್ವ, ದೀಕ್ಷಾ ತಗೊಳವ್ವ ಅಂತ. ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಹುಟ್ಟಿದಾಗ ಕಟ್ಟಿದ ಲಿಂಗಾನೂ ಬಿಚ್ಚಿಟ್ಟು ಹೋದ್ಳು. ಈಗ ತಾನಾಗೆ ಫೋನ್ ಮಾಡಿ, ಅವ್ವಾ ನಾ ದೀಕ್ಷಾ ತಗೋತೀನಿ, ಇಲ್ಲೊಬ್ರು ಬೆಟಗೇರಿ ಅಕ್ಕಾ ಅದಾರ, ಅವರ ನನ್ನ ಜೋಡಿ ನಿಂದರ್ತಾರ ಅಂದ್ಳು. ಪರದೇಶದಾಗ ನಿಮ್ಮಂಥವ್ರು ಸಿಕ್ಕ್ರಲ್ಲ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಒಲೆ ಆರಿಸಿದೆ. "ನಾ ಏನೂ ಮಾಡಿಲ್ರಿ ಅಕ್ಕಾರ" ಅಂದೆ. ಅದು ನನ್ನ ದೊಡ್ಡ ಮನಸ್ಸೆಂದು ಅವರು ತಿಳಿದುಕೊಂಡರು. ಮಗಳು ದೀಕ್ಷೆ ಅಂದಳು, ತಾಯಿ ಯಾರ ದೀಕ್ಷೆ ಅಂತ ಕೇಳಲಿಲ್ಲ. ಯಾಕೆ ಕೇಳಬೇಕು? ಅವರ ಮನೆಯಲ್ಲಿ ಆ ಮಾತಿಗೆ ಎರಡನೆಯ ಅರ್ಥವೇ ಇಲ್ಲ. ನಾನು ಯಾವ ಮಂದಿ ಅನ್ನುವುದನ್ನೂ ಅವರು ಕೇಳಲಿಲ್ಲ. ಆ ಒಂದು ಮಾತೇ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಿತ್ತು.

ಮರುದಿನ ಹುಡುಗಿಯನ್ನು ಮನೆಗೆ ಕರೆಸಿದೆ. ನನಗೆ ಕೋಪ ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ.

"ಅವ್ವಗ ಏನ್ ಹೇಳಿದಿ?"

"ದೀಕ್ಷಾ ತಗೋತೀನಿ ಅಂದೆ. ಸುಳ್ಳೇನು ಅಕ್ಕಾ ಅದು? ನೀವ ಹೇಳಿದ್ರಲ್ಲ, ಹಂಗ ಅಂತಾರ ಅಂತ."

"ಅಕಿ ಏನ್ ತಿಳಕೊಂಡಾಳ ಗೊತ್ತೈತಿಲ್ಲ?"

"ತನಗ ಬೇಕಾದ್ದು ತಿಳಕೊಂಡಾಳ. ಖುಷಿಯಾಗ್ಯಾಳ. ಇರ್ಲಿ ಬಿಡ್ರಿ. ನಾ ಎರಡು ವರ್ಷ ಇಲ್ಲೇ ಇರಾಕಿ. ಅಕಿಗೆ ಗೊತ್ತಾಗೂದು ಎಲ್ಲಿಂದ?"

ಆ ಹುಡುಗಿ ಕೆಟ್ಟವಳಲ್ಲ. ತಾಯಿಯ ಮನಸ್ಸು ಮುರಿಯಲು ಧೈರ್ಯ ಸಾಲದೆ, ಎರಡು ಮನೆಗೂ ಸಲ್ಲುವ ಒಂದು ಪದದ ಮರೆಗೆ ನಿಂತುಕೊಂಡಿದ್ದಳು. ಅದು ನನಗೆ ಅರ್ಥವಾಗುತ್ತಿತ್ತು. ಆದರೆ ಆ ಪದ ಕೊಟ್ಟವಳು ನಾನು. ನಮ್ಮ ಜನರ ಬಗ್ಗೆ ಊರಲ್ಲಿ ಆಡುವ ಮಾತು ಇದೇ ಅಲ್ಲವೇ, ಮಾತು ಮರೆಮಾಚಿ ಮಕ್ಕಳನ್ನು ಸೆಳೆಯುತ್ತಾರೆ ಎನ್ನುವುದು? ನಲವತ್ತು ವರ್ಷ ಅದು ಸುಳ್ಳು ಎಂದು ಹೇಳಿಕೊಂಡು ಬಂದಿದ್ದೇನೆ. ನನ್ನ ಅಡುಗೆಮನೆಯಲ್ಲೇ ಅದು ನಿಜವಾಗುವುದನ್ನು ನೋಡಿ ಸುಮ್ಮನಿರಲು ನನಗೆ ಆಗಲಿಲ್ಲ.

"ಅವ್ವಗ ಹೇಳು. ಹೇಳಿದ ಮ್ಯಾಲೆ ಅಕಿ ಬೈದ್ರೂ ನಾ ನಿನ್ನ ಬಾಜೂಕ ನಿಂದರ್ತೀನಿ. ಹೇಳಲಿಲ್ಲಂದ್ರ ನಿಂದರಂಗಿಲ್ಲ" ಅಂದೆ. "ನಾನಾಗಿ ಅಕಿಗೆ ಫೋನ್ ಹಚ್ಚಂಗಿಲ್ಲ. ಆದ್ರ ಅಕಿನ ಕೇಳಿದ್ರ ಸುಳ್ಳು ಹೇಳಂಗಿಲ್ಲ. ಇದನ್ನ ಈಗ ಹೇಳಿಡ್ತೀನಿ."

ಅವಳು ಶೂ ಲೇಸು ಕಟ್ಟಿಕೊಳ್ಳುತ್ತಾ, "ನಿಮಗ ಅವ್ವ ಮುಖ್ಯ ಆದ್ಳು, ನಾ ಅಲ್ಲ" ಅಂದಳು. ಬಾಗಿಲ ತನಕ ಹೋಗಿ, ಕತ್ತಿಗೆ ಸ್ಕಾರ್ಫ್ ಸುತ್ತಿಕೋ ಎಂದೆ.

ಡೋಮಿನೆಗೂ ಹೇಳಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿ, ಕಾಫಿ ಬಗ್ಗಿಸಿ, ಹುಡುಗಿ ವಯಸ್ಕಳು, ಇದು ಅವಳ ಖಾಸಗಿ ವಿಷಯ ಅಂದರು. ತಾಯಿಗೆ ಹೇಳುವುದು ಬಿಡುವುದು ಅವಳಿಗೆ ಸೇರಿದ್ದು, ನಾವು ನಡುವೆ ಹೋಗಬಾರದು ಅಂದರು. ಈ ದೇಶದಲ್ಲಿ ಖಾಸಗಿ ಅನ್ನುವ ಮಾತು ಬಂದ ಮೇಲೆ ಮುಂದೆ ಮಾತಿರುವುದಿಲ್ಲ. ಅವರು ಹೇಳಿದ್ದು ತಪ್ಪೂ ಅಲ್ಲ. ಆದರೆ ನಮ್ಮ ಕಡೆ ಒಬ್ಬ ತಾಯಿ ನಿಮ್ಮನ್ನು ಅಕ್ಕಾರ ಎಂದು ಕರೆದು ಉಪಕಾರ ನೆನೆದ ಮೇಲೆ ನೀವು ನಡುವೆ ಹೋಗಿಯೇ ಬಿಟ್ಟಿರುತ್ತೀರಿ. ಇದನ್ನು ಡಚ್ಚಿನಲ್ಲಿ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ನೀರು ಹಾಕಿದ ಮೇಲೆ ತಾಯಿಗೆ ಗೊತ್ತಾದರೆ ನಾವು ಮೋಸ ಮಾಡಿದಂತಾಗುತ್ತದೆ ಎಂದಷ್ಟೇ ಅಂದೆ. ಈಸ್ಟರ್ ತನಕ ಸಮಯವಿದೆ, ಅಷ್ಟರಲ್ಲಿ ಅವಳೇ ತಾಯಿಗೆ ಹೇಳಬಹುದು ಅಂದರು. ಅವರಿಗೂ ಆ ಈಸ್ಟರ್ ಎಷ್ಟು ಬೇಕಾಗಿತ್ತು ಎನ್ನುವುದು ನನಗೆ ಕಾಣುತ್ತಿತ್ತು.

ಆ ಶನಿವಾರ ಐಂಡ್‌ಹೋವನ್‌ನಿಂದ ಒಬ್ಬರು ಬಂದರು. ಅಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್, ಬೆಂಗಳೂರಿನವರು, ಹೆಂಡತಿಯ ತವರು ಗದಗ. ನಮ್ಮ ಕನ್ನಡ ಗ್ರೂಪಿನಲ್ಲೇ ಇರುವವರು. ರಜೆ ಮುಗಿಸಿ ಬರುವಾಗ ಹುಡುಗಿಯ ತಾಯಿ ಅವರ ಕೈಯಲ್ಲಿ ಒಂದು ಗಂಟು ಕಳಿಸಿದ್ದರು.

"ಸ್ಟೂಡೆಂಟ್ ಹಾಸ್ಟೆಲಲ್ಲಿ ಕಾಮನ್ ಕಿಚನ್ ಅಂತೆ, ಎಲ್ರೂ ನಾನ್‌ವೆಜ್ ಮಾಡ್ತಾರಂತೆ. ಅಲ್ಲಿ ಇಡೋದು ಬೇಡ, ಆ ಅಕ್ಕನ ಮನೇಲೇ ಇಟ್ಟಿರಲಿ ಅಂದ್ರು ಮೇಡಂ. ಹ್ಯಾಂಡ್ ಲಗೇಜಲ್ಲೇ ಹಾಕ್ಕೊಂಡ್ ಬಂದೆ, ದೇವರ ವಸ್ತು ಅಂದ್ರಲ್ಲ" ಎಂದು ಎರಡೂ ಕೈಯಲ್ಲಿ ಕೊಟ್ಟರು.

ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ವಿಭೂತಿ ಗಟ್ಟಿ, ಒಂದು ಇಳಕಲ್ ಸೀರೆ, ಹುಟ್ಟಿದಾಗ ಕಟ್ಟಿದ್ದ ಲಿಂಗದ ಕರಡಿಗೆ. ನನ್ನ ಫ್ರಿಜ್ಜಿನಲ್ಲಿ ಹಿಂದಿನ ದಿನದ ಮೀನಿನ ಸಾರಿತ್ತು. ಗಂಟನ್ನು ಅಡುಗೆಮನೆ ದಾಟಿಸದೆ, ಮುಂದಿನ ಕೋಣೆಯ ಅಲಮಾರಿಯ ಮೇಲೆ ಒಗೆದ ಟವೆಲ್ ಹಾಸಿ ಇಟ್ಟೆ. ಅವರು ಅದನ್ನು ನೋಡುತ್ತಾ ನಿಂತಿದ್ದರು.

"ಇಲ್ಲಿ ಯಾವ ಮಠ ಇದೆ ಮೇಡಂ? ದೀಕ್ಷೆ ಕೊಡೋಕೆ ಸ್ವಾಮಿಗಳು ಬರ್ತಾರಾ?"

"ಮಠ ಇಲ್ರಿ ಇಲ್ಲಿ."

"ಮತ್ತೆ..." ಎಂದವರು ನಿಲ್ಲಿಸಿದರು. ಗೋಡೆಯ ಮೇಲಿನ ಶಿಲುಬೆ ನೋಡಿದರು, ನನ್ನನ್ನು ನೋಡಿದರು. ಬುದ್ಧಿವಂತರು, ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಿಮ್ಮ ಚರ್ಚಲ್ಲಾ?"

ಹೌದು ಅಂದೆ. ಸುತ್ತಿ ಬಳಸಿ ಹೇಳುವ ಶಕ್ತಿ ನನಗಿರಲಿಲ್ಲ.

"ಅವರಮ್ಮಂಗೆ ಗೊತ್ತಿಲ್ಲ."

"ಗೊತ್ತಿಲ್ಲ. ಹೇಳು ಅಂತ ಹುಡುಗಿಗೆ ಹೇಳಿದ್ದೀನಿ."

ಅವರು ಶೂ ಹಾಕಿಕೊಂಡರು. ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅವರು ಮೆತ್ತಗೆ ಅಂದರು, "ನಿಮ್ಮವರ ಬಗ್ಗೆ ಜನ ಏನೇನೋ ಅಂತಾರೆ, ನಾನು ನಂಬ್ತಿರ್ಲಿಲ್ಲ ಮೇಡಂ. ನಿಮ್ಮನ್ನ ನೋಡಿ ನಂಬ್ತಿರ್ಲಿಲ್ಲ." ಮೆಟ್ಟಿಲಿಳಿದ ಮೇಲೆ ತಿರುಗಿ, "ನಾನು ಏನೂ ಹೇಳಲ್ಲ. ಅದು ನನ್ನ ಕೆಲಸ ಅಲ್ಲ. ಆದ್ರೆ ನೀವು ಇದನ್ನ ಹೀಗೇ ಬಿಡ್ಬೇಡಿ" ಅಂದರು. ಕಾರು ತಿರುಗಿ ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದೆ. ನಾಚಿಕೆಯಾಗಿತ್ತು. ನಾನು ಮಾಡದ ತಪ್ಪಿಗೂ ನಾಚಿಕೆಯಾಗುತ್ತದೆ ಎನ್ನುವುದು ಈ ಪ್ರತಿನಿಧಿಯ ಕೆಲಸದ ಭಾಗವೇ ಇರಬೇಕು.

ಗಂಟು ಮುಟ್ಟಿತೇ ಎಂದು ಕೇಳಲು ಮರುದಿನವೇ ತಾಯಿಯ ಫೋನು ಬಂತು. ಮುಟ್ಟಿತು, ಎತ್ತರದಲ್ಲಿ ಇಟ್ಟಿದ್ದೇನೆ ಅಂದೆ. ಅವರಿಗೆ ಸಂತೋಷವಾಯಿತು. ಆಮೇಲೆ ಕೇಳಿದರು.

"ಅಕ್ಕಾರ, ದೀಕ್ಷಾ ಕೊಡೂದು ಯಾವ ಮಠದ ಅಜ್ಜಾರ್ರೀ?"

ಕೇಳಿಬಿಟ್ಟರು. ನಾನು ಕುರ್ಚಿ ಎಳೆದುಕೊಂಡು ಕೂತೆ. ಒಳಗೊಳಗೇ ಒಂದು ಚಿಕ್ಕ ಪ್ರಾರ್ಥನೆ ಮಾಡಿದೆ. ಧೈರ್ಯ ಕೊಡು ಅಂತಲ್ಲ, ಈ ಮಾತು ನನ್ನ ಬಾಯಿಯಲ್ಲಿ ಒರಟಾಗದಿರಲಿ ಅಂತ.

"ಅಕ್ಕಾರ, ಮಠ ಅಲ್ರಿ. ಅಕಿ ದೀಕ್ಷಾ ಅಂದದ್ದು ನಮ್ಮ ದೀಕ್ಷಾ. ನಾವು ಕ್ರಿಶ್ಚನ್ ಮಂದಿ ರೀ. ನಮ್ಮ ಚರ್ಚಿನ್ಯಾಗ ನೀರು ಹಾಕಿ ಮಾಡೂದಕ್ಕೂ ದೀಕ್ಷಾ ಅಂತಾರ. ಅಕಿಗೆ ನಿಮ್ಮ ಮುಂದ ಹೇಳಾಕ ಅಂಜಿಕಿ ಆತು. ಅಕಿನ ಹೇಳಬೇಕಿತ್ತು. ನೀವು ಕೇಳಿದ್ರಿ, ನಾ ಸುಳ್ಳು ಹೇಳಲಾರೆ."

ಆ ಕಡೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹಾಕಿಕೊಂಡು ಹೋಯಿತು. ಆಮೇಲೆ ದನಿ ಬಂತು.

"ನೀವ ಮಾಡಿದ್ರೇನ್ರಿ ಇದನ್ನ?"

"ನಾ ಕರದಿಲ್ರಿ. ಊಟಕ್ಕ ಹಾಕೀನಿ, ಮಾತಾಡ್ಸೀನಿ. ಅಕಿ ತಾನ ಬಂದ್ಳು, ತಾನ ಕೇಳಿದ್ಳು. ಆದ್ರ ಅಕ್ಕಾರ, ಅಕಿ ಕೇಳಿದಾಗ ನನಗ ಖುಷಿ ಆಗಿತ್ತು. ಅದನ್ನ ಇಲ್ಲ ಅನ್ನಂಗಿಲ್ಲ."

ಅದನ್ನು ಹೇಳದಿದ್ದರೂ ನಡೆಯುತ್ತಿತ್ತು. ಅಷ್ಟು ಹೇಳಿದವಳಿಗೆ ಉಳಿದದ್ದನ್ನು ನುಂಗಲು ಮನಸ್ಸಾಗಲಿಲ್ಲ. ನಾನು ಕ್ರೈಸ್ತಳು, ಒಬ್ಬರು ನನ್ನ ದೇವರ ಕಡೆ ನೋಡಿದರೆ ನನಗೆ ಸಂತೋಷವೇ ಆಗುತ್ತದೆ.

ಬೈಗುಳ ಬರಬಹುದೆಂದು ಕಾದೆ. ಅವರು ಬೇರೊಂದು ಕೇಳಿದರು. "ಹೆತ್ತವ್ವಗ ಸುಳ್ಳು ಹೇಳಿ ಬಂದಾಕಿನ್ನ ನಿಮ್ಮ ದೇವ್ರು ತಗೋತಾನೇನ್ರಿ?"

ಇಂಥ ಪ್ರಶ್ನೆಯನ್ನು ಯಾವ ಡಚ್ ಸಹೋದ್ಯೋಗಿಯೂ ನನಗೆ ಕೇಳಿರಲಿಲ್ಲ. ಅವರ ಪ್ರಶ್ನೆಗಳಿಗೆ ಮಾತ್ರ ನನ್ನಲ್ಲಿ ಸಿದ್ಧ ಉತ್ತರಗಳಿದ್ದವು. "ತಗೋತಾನ್ರಿ" ಅಂದೆ. "ನನ್ನೂ ತಗೊಂಡಾನಲ್ರಿ."

"ಹಂಗಾರ ಅವನೂ ನನ್ನಂಗ ದಡ್ಡ ಇರಬೇಕು ಬಿಡ್ರಿ" ಅಂದರು. ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. "ಆ ಗಂಟು ಅಕಿಗೆ ಕೊಟ್ಟಬಿಡ್ರಿ. ಅದು ಅಕಿದು. ಏನ್ ಮಾಡ್ತಾಳ ಮಾಡ್ಲಿ" ಎಂದು ಫೋನು ಇಟ್ಟರು.

ಆ ಕೂಡಲೇ ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಬಂದು, ಒಳಗೆ ಕಾಲಿಡದೆ, ಗಂಟು ಇಸಿದುಕೊಂಡಳು. "ಖರೇ ಹೇಳಿ ಪುಣ್ಯಾ ಕಟಗೊಂಡ್ರಿ. ಈಗ ಅಕಿಗೂ ನಾ ಇಲ್ಲ, ನಿಮಗೂ ನಾ ಇಲ್ಲ" ಎಂದು ಹೋದಳು. ಈಸ್ಟರ್ ಬಂತು. ಡೋಮಿನೆ ನೀರಿನ ಬೋಗುಣಿಯನ್ನು ತೊಳೆದು ಒರೆಸಿ ಇಟ್ಟಿದ್ದರು, ಹುಡುಗಿ ಬರಲಿಲ್ಲ. ಡೋಮಿನೆ ನನ್ನ ಕೈ ಹಿಡಿದುಕೊಂಡರು ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಬುಧವಾರದ ಸಾರಿಗೂ ಅವಳು ಬರಲಿಲ್ಲ. ನನ್ನ ವಾಟ್ಸಾಪ್ ಮೆಸೇಜುಗಳಿಗೆ ಓದಿದ ಗುರುತಿನ ನೀಲಿ ಗೆರೆ ಬೀಳುತ್ತಿತ್ತು, ಉತ್ತರವಿರಲಿಲ್ಲ. ನಿಜ ಹೇಳಿ ಒಂದು ಮನೆ ಮುರಿದೆನೇ ಎಂದು ಬೀಜ ನೋಡುವಾಗ, ಪಾತ್ರೆ ತೊಳೆಯುವಾಗ ಅದೇ ಯೋಚನೆ. ದೇವರ ಮೇಲೆ ಸಿಟ್ಟೂ ಬಂದಿತ್ತು. ಅವನ ಪರವಾಗಿ ಇಷ್ಟು ವರ್ಷ ಮಾತಾಡಿದ್ದೇನೆ, ನನ್ನ ಪರವಾಗಿ ಅವನೊಂದು ಮಾತು ಆಡಬಹುದಿತ್ತು.

ಟುಲಿಪ್ಪು ಮುಗಿದು, ಸಂಜೆಗಳು ಉದ್ದವಾಗತೊಡಗಿದಾಗ ಗದುಗಿನ ನಂಬರಿನಿಂದ ಮತ್ತೆ ಫೋನು ಬಂತು. ಎತ್ತಲು ಹೆದರಿದೆ.

"ಅಕ್ಕಾರ, ಅಕಿ ನನ್ನ ಫೋನ್ ಎತ್ತಾಕತ್ತಿಲ್ರಿ. ಅವತ್ತು ಸಿಟ್ಟಿನ್ಯಾಗ ಅಕಿಗೆ ಫೋನ್ ಹಚ್ಚಿ ನಾನೂ ಒಂದೆರಡು ಅಂದೆ. ನೀವು ಇದ್ದದ್ದು ಇದ್ದಂಗ ಹೇಳಾಕಿ, ಅದಕ್ಕ ನಿಮ್ಮನ್ನ ಕೇಳ್ತೀನಿ. ಅಕಿ ಉಣ್ತಾಳೇನ್ರಿ?"

ನನಗೆ ಗೊತ್ತಿರಲಿಲ್ಲ. ಹಾಗೇ ಹೇಳಿದೆ, ನನ್ನ ಜೊತೆಗೂ ಮಾತು ಬಿಟ್ಟಿದ್ದಾಳೆ ಎಂದೂ ಹೇಳಿದೆ. "ಹೋಗಿ ನೋಡ್ರಿ" ಅಂದರು. "ನಾ ಕಳಿಸೀನಿ ಅಂತ ಹೇಳ್ರಿ. ಚರ್ಚಿಂದು ಏನೂ ಮಾತಾಡಬ್ಯಾಡ್ರಿ. ಮಠದ್ದೂ ಮಾತಾಡಬ್ಯಾಡ್ರಿ."

ನಾಲ್ಕು ಜೋಳದ ರೊಟ್ಟಿ ಬಡಿದುಕೊಂಡು ಹೋಗೋಣವೆಂದರೆ ಮನೆಯಲ್ಲಿ ಹಿಟ್ಟಿರಲಿಲ್ಲ. ಅಕ್ಕಿ ಬೇಳೆ ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದೆ. ಎದುರುಗಾಳಿ. ಇಲ್ಲಿಯ ಗಾಳಿ ಯಾವಾಗಲೂ ಎದುರೇ ಬರುತ್ತದೆ, ಹೋಗುವಾಗಲೂ ಬರುವಾಗಲೂ. ವಿದ್ಯಾರ್ಥಿಗಳ ಆ ಎತ್ತರದ ಕಟ್ಟಡದ ಕೆಳಗೆ ನೂರಾರು ಸೈಕಲ್ಲುಗಳ ನಡುವೆ ನನ್ನದನ್ನು ತುರುಕಿ, ಲಿಫ್ಟಿನಲ್ಲಿ ಹತ್ತಿ, ಬಾಗಿಲು ಬಡಿದೆ.

ಅವಳು ತೆರೆದಳು. ಮುಖ ಇಳಿದು ಹೋಗಿತ್ತು, ಕೂದಲು ಬಾಚಿರಲಿಲ್ಲ. ಬಾಗಿಲನ್ನು ಅರ್ಧವೇ ತೆಗೆದು, "ಯಾರು ಕಳಿಸಿದ್ರು? ಚರ್ಚಿನವ್ರೇನು?" ಅಂದಳು.

"ಅಲ್ಲ. ನಿಮ್ಮವ್ವ."

ಅವಳ ಕೈ ಬಾಗಿಲಿನಿಂದ ಜಾರಿತು. ಹುಟ್ಟಿದಾಗಿನಿಂದ ಎಲ್ಲ ಬಾಗಿಲುಗಳಲ್ಲೂ ನಾನು ಚರ್ಚಿನವಳಾಗಿ ನಿಂತವಳು. ಆ ದಿನ, ನಾನು ಮುಖವನ್ನೇ ನೋಡಿರದ ಒಬ್ಬ ಲಿಂಗಾಯತ ತಾಯಿಯ ಕಡೆಯವಳಾಗಿ ಅಲ್ಲಿ ನಿಂತಿದ್ದೆ.

"ಏನ್ ಹೇಳು ಅಂದ್ಳು?"

"ಉಂಡೀಯೇನು ಅಂತ ಕೇಳು ಅಂದ್ರು."

ಅವಳು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತೆ. ಮಂಡಿ ನೋಯುತ್ತಿತ್ತು. ಅತ್ತು ಮುಗಿದ ಮೇಲೆ ಅವಳಾಗಿಯೇ ಫೋನು ತೆಗೆದು ಊರಿಗೆ ಹಚ್ಚಿದಳು. ಸ್ಪೀಕರ್ ಹಾಕಿ ನೆಲದ ಮೇಲೆ ಇಟ್ಟಳು.

"ಅವ್ವಾ, ನಾ ಉಂಡಿಲ್ಲ" ಅಂದಳು. ಆಮೇಲೆ ಒಂದೇ ಉಸಿರಿಗೆ, "ಅವ್ವಾ, ನಾ ನಿನಗ ಬೇಕಂತ ಸುಳ್ಳು ತಿಳಕೊಳ್ಳಾಕ ಬಿಟ್ಟೆ. ಗೊತ್ತಿದ್ದ ಬಿಟ್ಟೆ. ನನಗ ಇನ್ನೂ ಆ ದೀಕ್ಷಾನ ಬೇಕನಿಸ್ತೈತಿ. ನಿನ್ನ ಬಿಟ್ಟು ಬ್ಯಾಡ ಅನಿಸ್ತೈತಿ. ನಾ ಏನ್ ಮಾಡ್ಲಿ?"

ಆ ಕಡೆ ತಾಯಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಮದ್ಲ ಉಣ್ಣು" ಅಂದರು. "ಉಂಡ ಮ್ಯಾಲೆ ಎಲ್ಲಾ ಹೇಳು. ನಾ ಇಲ್ಲೇ ಕುಂತೀನಿ, ಕೇಳ್ತೀನಿ."

ನಾನು ಗೋಡೆ ಹಿಡಿದು ಎದ್ದು, ಆ ಕಾಮನ್ ಕಿಚನ್ನಿಗೆ ಹೋಗಿ ಅನ್ನಕ್ಕಿಟ್ಟೆ.